ಭುಜದ ಸ್ನಾಯು ನೋವಿಗೆ ಡ್ರೈ ನೀಡ್ಲಿಂಗ್ ಮಾಡಿಸಿಕೊಳ್ಳಬಹುದೇ? ರಕ್ತ ತೆಳುವಾಗಿಸುವ ಗುಳಿಗೆ ನುಂಗುವ ಅಕ್ಕನ ಬಗ್ಗೆಯೂ ಒಂದು ಪ್ರಶ್ನೆ

ಪ್ರಶ್ನೆ: ಬಳ್ಳಾರಿಯ ಟೇಲರ್

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸು 41. ಕೂಲಿಯು ಪೀಸಿನ ಲೆಕ್ಕದಲ್ಲಿ ಇರುವುದರಿಂದ ಬೆಳಿಗ್ಗೆ ಒಂಬತ್ತಕ್ಕೆ ಮಿಷನ್ ಮುಂದೆ ಕುಳಿತವನು ಊಟಕ್ಕೆ ಏಳುವುದನ್ನು ಬಿಟ್ಟರೆ ರಾತ್ರಿ ಎಂಟರವರೆಗೆ ಕತ್ತು ಬಗ್ಗಿಸಿಕೊಂಡೇ ಇರುತ್ತೇನೆ. ಎಂಟು ತಿಂಗಳಿಂದ ಬಲಗಡೆ ಕುತ್ತಿಗೆ ಮತ್ತು ಭುಜ ಕೂಡುವ ಜಾಗದಲ್ಲಿ ನೋವು ಇದೆ. ಅಲ್ಲಿ ಒತ್ತಿ ನೋಡಿದರೆ ಹುಣಸೆ ಬೀಜದಂಥ ಒಂದು ಗಂಟು ಬೆರಳಿಗೆ ಸಿಗುತ್ತದೆ. ಅದನ್ನು ಒತ್ತಿದಾಗ ನೋವು ಕಿವಿಯ ಹಿಂದಿನಿಂದ ಏರಿ ಹಣೆಯ ಪಕ್ಕದವರೆಗೆ ಹೋಗುತ್ತದೆ.

ಮೊದಲು ಮನೆಯಲ್ಲಿ ಎಳ್ಳೆಣ್ಣೆ ಹಚ್ಚಿ ತಿಕ್ಕಿಸಿಕೊಂಡೆ, ಉಳುಕು ತೆಗೆಯುವವರ ಬಳಿಗೂ ಹೋಗಿ ಬಂದೆ. ಅನಂತರ ನೋವು ಹೆಚ್ಚಾದಾಗಲೆಲ್ಲ ಸೊಂಟಕ್ಕೆ ಇಂಜೆಕ್ಷನ್ ಮಾಡಿಸಿಕೊಂಡು, ನೋವಿನ ಗುಳಿಗೆ ನುಂಗಿ ದಿನ ತಳ್ಳಿದೆ. ಎರಡು ದಿನ ಆರಾಮ ಅನಿಸಿ ಮೂರನೆಯ ದಿನ ನೋವು ಮತ್ತೆ ಬರುತ್ತದೆ, ಹೊಟ್ಟೆಯಲ್ಲಿ ಉರಿಯೂ ಶುರುವಾಗಿದೆ. ಕೊನೆಗೆ ಎಲುಬಿನ ವೈದ್ಯರಿಗೆ ತೋರಿಸಿದೆ. ಅವರು ಎಕ್ಸ್‌-ರೇ ನೋಡಿ, ಮೂಳೆಯಲ್ಲಿ ಹೆದರುವಂಥದ್ದೇನೂ ಇಲ್ಲ, ಇದು ಸ್ನಾಯುವಿನ ನೋವು ಎಂದು ಹೇಳಿ ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಲ್ಲಿ ನನಗೆ ಡ್ರೈ ನೀಡ್ಲಿಂಗ್ ಮಾಡಬಹುದು ಎಂದಿದ್ದಾರೆ.

ಸೂಜಿಯನ್ನು ಆ ಗಂಟಿನೊಳಗೇ ಚುಚ್ಚುತ್ತಾರಂತೆ, ಆದರೆ ಅದರಲ್ಲಿ ಔಷಧವೇ ಇರುವುದಿಲ್ಲವಂತೆ. ಔಷಧವಿಲ್ಲದ ಸೂಜಿಯಿಂದ ನೋವು ಹೇಗೆ ಹೋಗುತ್ತದೆ ಎಂಬುದು ನನಗೆ ತಿಳಿಯುತ್ತಿಲ್ಲ. ಇದು ಚೀನಾದ ಅಕ್ಯುಪಂಕ್ಚರ್ ಇರಬಹುದೇ? ಎಷ್ಟು ಸಲ ಹೋಗಬೇಕಾಗುತ್ತದೆ? ಒಂದು ದಿನ ಕೆಲಸ ತಪ್ಪಿದರೆ ಆ ದಿನದ ಕೂಲಿ ಹೋಗುತ್ತದೆ ಎಂಬ ಕಾರಣಕ್ಕೆ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ನನ್ನ ಅಕ್ಕ ಕಾರಟಗಿಯ ಕಡೆ ಭತ್ತದ ನಾಟಿಗೆ ಹೋಗುತ್ತಾಳೆ, ಅವಳಿಗೆ ಸೊಂಟ ನೋವು ಬಹಳ. ಆರು ವರ್ಷದ ಹಿಂದೆ ಅವಳಿಗೆ ಹೃದಯದ ಕವಾಟ ಬದಲಿಸುವ ಆಪರೇಷನ್ ಆಗಿದೆ, ಅಂದಿನಿಂದ ದಿನವೂ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಾಳೆ. ನನಗೆ ಇದರಿಂದ ಗುಣವಾದರೆ ಅವಳನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ರಾಯಚೂರಿನ ಫಿಸಿಯೋಥೆರಪಿಸ್ಟ್

ಅಣ್ಣನವರೇ, ನೀವು ಬರೆದ ಲಕ್ಷಣಗಳನ್ನು ಓದಿದಾಗ ನನ್ನ ಬಳಿಗೆ ಬರುವ ಅನೇಕ ಟೇಲರುಗಳ ನೆನಪಾಯಿತು. ಕುತ್ತಿಗೆಯಿಂದ ಭುಜದ ತುದಿಯವರೆಗೆ ಹರಡಿರುವ ಟ್ರೆಪೀಜಿಯಸ್ ಎಂಬ ಸ್ನಾಯುವಿನ ಮೇಲ್ಭಾಗದಲ್ಲಿ ಇಂಥ ಗಂಟು ಆದಾಗ ನೋವು ಕುತ್ತಿಗೆಯ ಪಕ್ಕದಿಂದ ಏರಿ ಹಣೆಯ ಬದಿಗೆ ಮುಟ್ಟುವುದು ಬಹಳ ಸಾಮಾನ್ಯ. ಒತ್ತಿದರೆ ದೂರದ ಜಾಗದಲ್ಲಿ ನೋವು ಹುಟ್ಟಿಸುವ ಇಂಥ ಬಿಂದುಗಳಿಗೆ ನಾವು ಟ್ರಿಗರ್ ಪಾಯಿಂಟ್ ಎನ್ನುತ್ತೇವೆ. ಸ್ನಾಯುವಿನ ನೋವು ಅದು ಹುಟ್ಟಿದ ಜಾಗದಲ್ಲೇ ಕಾಣಿಸಬೇಕಾಗಿಲ್ಲ ಎಂಬುದನ್ನು ಬ್ರಿಟನ್ನಿನ ವೈದ್ಯ ಜೋನಸ್ ಕೆಲ್ಗ್ರೆನ್ 1938ರಲ್ಲೇ ಸ್ನಾಯುಗಳಿಗೆ ಉಪ್ಪು ನೀರನ್ನು ಚುಚ್ಚಿ ತೋರಿಸಿದ್ದರು. ಮುಂದೆ ಅಮೆರಿಕದ ಜಾನೆಟ್ ಟ್ರಾವೆಲ್ ಅವರು ಡೇವಿಡ್ ಸೈಮನ್ಸ್ ಅವರೊಂದಿಗೆ ಸೇರಿ ಯಾವ ಸ್ನಾಯುವಿನ ನೋವು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆಗಳನ್ನೇ ಬರೆದಿಟ್ಟರು. ಅಧ್ಯಕ್ಷ ಕೆನಡಿಯವರ ಬೆನ್ನು ನೋವಿಗೆ ಚಿಕಿತ್ಸೆ ಕೊಟ್ಟ ವೈದ್ಯೆಯೂ ಈ ಟ್ರಾವೆಲ್ ಅವರೇ.

ಔಷಧವಿಲ್ಲದ ಸೂಜಿಯ ಬಗ್ಗೆ ನೀವು ಕೇಳಿದ ಪ್ರಶ್ನೆಯನ್ನು ಹಿಂದೆ ವೈದ್ಯರೂ ಕೇಳಿಕೊಂಡಿದ್ದರು. ಮೊದಲೆಲ್ಲ ಈ ಗಂಟುಗಳಿಗೆ ಮರಗಟ್ಟಿಸುವ ಔಷಧದ ಇಂಜೆಕ್ಷನ್ ಕೊಡುತ್ತಿದ್ದರು. ಔಷಧ ಯಾವುದಿದ್ದರೂ ಫಲ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಕಂಡವರಿಗೆ, ಹಾಗಾದರೆ ಕೆಲಸ ಮಾಡುತ್ತಿರುವುದು ಸೂಜಿಯೇ ಇರಬಹುದಲ್ಲ ಎಂಬ ಸಂಶಯ ಬಂತು. ಚೆಕ್ ದೇಶದ ಕಾರೆಲ್ ಲೆವಿಟ್ ಎಂಬ ವೈದ್ಯರು 241 ರೋಗಿಗಳ 312 ನೋವಿನ ಜಾಗಗಳಿಗೆ ಖಾಲಿ ಸೂಜಿ ಚುಚ್ಚಿ ನೋಡಿ, ನೂರಕ್ಕೆ ಸುಮಾರು 87ರಷ್ಟು ಕಡೆ ನೋವು ತಕ್ಷಣವೇ ಇಳಿಯಿತೆಂದು 1979ರಲ್ಲಿ ಪ್ರಕಟಿಸಿದರು. ಆ ತಕ್ಷಣದ ಆರಾಮ ಎಲ್ಲರಲ್ಲೂ ಉಳಿಯಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸೂಜಿಯ ಮೂಲಕ ಯಾವ ದ್ರವವೂ ಒಳಗೆ ಹೋಗುವುದಿಲ್ಲವಾದ್ದರಿಂದ ಇದಕ್ಕೆ ಡ್ರೈ, ಅಂದರೆ ಒಣ, ಎಂಬ ಹೆಸರು ಬಂತು.

ಒಳಗೆ ಏನಾಗುತ್ತದೆ ಎಂಬುದನ್ನು ನಾವು ಹೀಗೆ ಅರ್ಥಮಾಡಿಕೊಂಡಿದ್ದೇವೆ. ಹೊತ್ತುಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿದುಕೊಂಡಿರುವ ಸ್ನಾಯುವಿನ ಕೆಲವು ಎಳೆಗಳು ಸಡಿಲವಾಗುವುದನ್ನೇ ಮರೆತು ಸಂಕುಚಿತವಾಗಿಯೇ ಉಳಿಯುತ್ತವೆ. ಅಲ್ಲಿ ರಕ್ತದ ಹರಿವು ಕಡಿಮೆಯಾಗಿ, ನೋವನ್ನು ಕೆರಳಿಸುವ ರಾಸಾಯನಿಕಗಳು ಶೇಖರವಾಗುತ್ತವೆ. ಸೂಜಿಯ ತುದಿ ಆ ಬಿಗಿದ ಎಳೆಗೆ ಸರಿಯಾಗಿ ತಾಗಿದಾಗ ಸ್ನಾಯು ತಾನಾಗಿಯೇ ಒಮ್ಮೆ ಛಕ್ಕನೆ ಅದುರುತ್ತದೆ. ಬೆನ್ನುಹುರಿಯವರೆಗೆ ಹೋಗಿ ಬರುವ ಪ್ರತಿಕ್ರಿಯೆ ಅದು. ಅದುರಿದ ಮೇಲೆ ಎಳೆ ಸಡಿಲವಾಗುತ್ತದೆ, ಕತ್ತನ್ನು ತಿರುಗಿಸುವುದು ಸುಲಭವಾಗುತ್ತದೆ. ಈ ವಿವರಣೆಯ ಎಲ್ಲ ಭಾಗಗಳನ್ನೂ ಎಲ್ಲರೂ ಒಪ್ಪಿಲ್ಲ, ಆದರೆ ಆ ಅದುರುವಿಕೆಯನ್ನು ನಾನು ದಿನವೂ ಬೆರಳಿನ ಕೆಳಗೆ ಅನುಭವಿಸುತ್ತೇನೆ.

ಅಕ್ಯುಪಂಕ್ಚರ್‌ನಲ್ಲಿಯೂ ಹೆಚ್ಚುಕಡಿಮೆ ಇಂಥದೇ ಸೂಜಿ ಬಳಸುತ್ತಾರೆ, ಆದರೆ ಎಲ್ಲಿ ಚುಚ್ಚಬೇಕೆಂಬುದನ್ನು ಅವರು ದೇಹದಲ್ಲಿ ಪ್ರಾಣಶಕ್ತಿ ಹರಿಯುವ ಮಾರ್ಗಗಳ ಲೆಕ್ಕದಲ್ಲಿ ನಿರ್ಧರಿಸುತ್ತಾರೆ. ನಾವು ಸ್ನಾಯು, ನರ, ಮೂಳೆಗಳ ರಚನೆಯನ್ನು ನೋಡಿ ಬೆರಳಿಗೆ ಸಿಗುವ ಗಂಟಿಗೆ ಚುಚ್ಚುತ್ತೇವೆ. ನಿಮ್ಮ ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ನಿನ ಸೂಜಿ ಸುಮಾರು 0.6ರಿಂದ 0.7 ಮಿಲಿಮೀಟರ್ ದಪ್ಪ ಇರುತ್ತದೆ, ಅದರ ನಡುವೆ ರಂಧ್ರವೂ ಇರುತ್ತದೆ. ನಾವು ಸಾಮಾನ್ಯವಾಗಿ ಬಳಸುವುದು 0.25ರಿಂದ 0.30 ಮಿಲಿಮೀಟರಿನ, ರಂಧ್ರವಿಲ್ಲದ ಗಟ್ಟಿ ಉಕ್ಕಿನ ಸೂಜಿ. ಚರ್ಮದೊಳಗೆ ಹೋಗುವಾಗ ಅದು ಅನೇಕರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗುವುದು ಗಂಟಿಗೆ ತಾಗಿದಾಗ.

ಎಷ್ಟು ಸಲ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ನಾನು ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಿ ನೋಡುತ್ತೇನೆ, ಅಷ್ಟರಲ್ಲಿ ಗುಣ ಕಾಣದಿದ್ದರೆ ಮುಂದುವರಿಸುವುದಿಲ್ಲ. ಹತ್ತು ಸಲದ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವ ಕಡೆಗೆ ಹೋಗಬೇಡಿ ಎಂದು ನನ್ನ ಸಲಹೆ. ಚಿಕಿತ್ಸೆಗೆ ಸಂಜೆಯ ಹೊತ್ತು ಹೋದರೆ ಬೆಳಗಿನ ಕೆಲಸ ತಪ್ಪುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ, ಕೆಲವರಿಗೆ ತಲೆ ಸುತ್ತುತ್ತದೆ. ನಾವು ಮಲಗಿಸಿಯೇ ಚುಚ್ಚುವುದು ಅದಕ್ಕೇ.

ನಿಮ್ಮ ಅಕ್ಕನವರ ವಿಷಯವನ್ನು ನಾನು ವೈದ್ಯರಿಗೇ ಬಿಡುತ್ತೇನೆ. ನನ್ನ ಮಟ್ಟಿಗೆ, ಅಂಥವರ ಸೊಂಟದ ಆಳದ ಸ್ನಾಯುಗಳಿಗೆ ನಾನು ಸೂಜಿ ಹಾಕುವುದಿಲ್ಲ.

ಉತ್ತರ: ಗಂಗಾವತಿಯ ಶಿಕ್ಷಕಿ

ನಾನು ವೈದ್ಯೆಯಲ್ಲ, ಚಿಕಿತ್ಸೆ ಪಡೆದವಳು. ನನಗೆ ಎಡ ಪೃಷ್ಠದಿಂದ ತೊಡೆಯ ಹೊರಬದಿಯಲ್ಲಿ ಇಳಿದು ಪಾದದ ಗಂಟಿನವರೆಗೂ ನೋವು ಬರುತ್ತಿತ್ತು. ಎಲ್ಲರೂ ಸಯಾಟಿಕಾ, ನರ ಹಿಡಿದಿದೆ ಎಂದರು. ಸುಮಾರು ಒಂದು ವರ್ಷ ಅದೇ ಹೆದರಿಕೆಯಲ್ಲಿ ಕಳೆದೆ. ಆಪರೇಷನ್ ಆಗಬಹುದು ಎಂದು ಯಾರೋ ಹೇಳಿದ್ದರಿಂದ ನೆಲದ ಮೇಲೆ ಕುಳಿತು ಮಕ್ಕಳ ಪುಸ್ತಕ ತಿದ್ದುವುದನ್ನೂ ಬಿಟ್ಟಿದ್ದೆ. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಪೃಷ್ಠದ ಪಕ್ಕದ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕಾಲಿನಲ್ಲಿ ನನಗೆ ಪರಿಚಿತವಾಗಿದ್ದ ಅದೇ ನೋವು ಎದ್ದಿತು. ಇದೇ ನನ್ನ ನೋವು ಎಂದು ನಾನು ಕೂಗಿಬಿಟ್ಟೆ. ಸೊಂಟದ ಬದಿಯ ಸಣ್ಣ ಸ್ನಾಯುವೊಂದರ ಗಂಟು ಸಯಾಟಿಕಾದಂತೆಯೇ ಕಾಲಿಗೆ ನೋವು ಇಳಿಸಬಲ್ಲದು ಎಂದು ಅವರು ವಿವರಿಸಿದರು. ಕಾಲಿನ ಬಲ, ಸ್ಪರ್ಶಜ್ಞಾನ ಎಲ್ಲವನ್ನೂ ಪರೀಕ್ಷಿಸಿದ ನಂತರವೇ ಅವರು ಸೂಜಿ ತೆಗೆದದ್ದು.

ಅನುಭವವನ್ನು ಇದ್ದ ಹಾಗೆ ಹೇಳುತ್ತೇನೆ. ಮೊದಲ ಎರಡು ಸೂಜಿಗಳು ಏನೂ ಅನಿಸಲಿಲ್ಲ. ಮೂರನೆಯದು ತಾಗಿದಾಗ ಚರ್ಮದ ಒಳಗೆ ಮಿಡತೆಯೊಂದು ಪುಟಿದಂತಾಯಿತು, ಜೊತೆಗೆ ಕಾಲಿನುದ್ದಕ್ಕೂ ಒಂದು ಭಾರವಾದ ಸೆಳೆತ. ಕಣ್ಣಲ್ಲಿ ನೀರು ಬಂತು, ಆದರೆ ಅದು ಐದಾರು ಕ್ಷಣಗಳ ಮಾತು. ಎದ್ದು ನಡೆದಾಗ ಕಾಲು ಹಗುರವಾಗಿತ್ತು. ಆ ರಾತ್ರಿ ಮತ್ತು ಮರುದಿನ ಪೂರ್ತಿ ಯಾರೋ ಗುದ್ದಿದಂತೆ ಆ ಜಾಗ ನೋಯುತ್ತಿತ್ತು, ಎರಡು ರೂಪಾಯಿ ನಾಣ್ಯದಷ್ಟು ಅಗಲ ಕಪ್ಪಗಾಗಿತ್ತು. ಇದು ಮೊದಲೇ ಗೊತ್ತಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾಲ್ಕು ಸಲದಲ್ಲಿ ನನ್ನ ನೋವು ಬಹುಮಟ್ಟಿಗೆ ಹೋಯಿತು. ಮೂರು ತಿಂಗಳು ವ್ಯಾಯಾಮ ಬಿಟ್ಟಾಗ ಮರಳಿ ಬಂತು. ಈಗ ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ದಿನವೂ ಮಾಡುತ್ತೇನೆ, ಸೂಜಿಯ ಅಗತ್ಯ ಬಿದ್ದಿಲ್ಲ. ಅಣ್ಣಾ, ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ಕೇಳಲು ನನಗೂ ಸಂಕೋಚವಾಗಿತ್ತು, ಆದರೆ ಒಳ್ಳೆಯ ಚಿಕಿತ್ಸಕರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಉತ್ತರ: ಕೊಪ್ಪಳದ ವೈದ್ಯ

ಮೇಲಿನ ಇಬ್ಬರೂ ಸರಿಯಾಗಿಯೇ ಬರೆದಿದ್ದಾರೆ. ನಾನು ಮೊದಲು ಅಕ್ಕನವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಚರ್ಚೆಯಲ್ಲಿ ತಡಮಾಡಬಾರದ ಮಾತು ಅದೊಂದೇ.

ಕೃತಕ ಕವಾಟ ಹಾಕಿದವರಿಗೆ ಸಾಮಾನ್ಯವಾಗಿ ಕೊಡುವುದು ವಾರ್ಫರಿನ್ ಅಥವಾ ಅಸಿಟ್ರೋಮ್ ಗುಳಿಗೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಎಂಬುದು ಅದರ ಉದ್ದೇಶ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ಗುಳಿಗೆಯ ಪ್ರಮಾಣವನ್ನು ಹೊಂದಿಸುತ್ತಾರೆ. ಇಂಥವರ ಸೊಂಟದ ಆಳದ ಸ್ನಾಯುವಿನಲ್ಲಿ ಸೂಜಿಯಿಂದ ರಕ್ತ ಜಿನುಗಿದರೆ ಹೊರಗಿನಿಂದ ಒತ್ತಿ ನಿಲ್ಲಿಸಲು ಆಗುವುದಿಲ್ಲ, ಒಳಗೇ ರಕ್ತ ತುಂಬಿ ನರಗಳನ್ನು ಒತ್ತಬಹುದು. ಹಾಗಾಗಿ ಅವರಿಗೆ ಡ್ರೈ ನೀಡ್ಲಿಂಗ್ ಬೇಡ. ಸೂಜಿ ಹಾಕಿಸಿಕೊಳ್ಳಬೇಕೆಂದು ಎರಡು ದಿನ ಗುಳಿಗೆ ನಿಲ್ಲಿಸುವುದಂತೂ ಬೇಡವೇ ಬೇಡ. ಕವಾಟದ ಮೇಲೆ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಚಿಂತೆಗೀಡುಮಾಡಿದ್ದು ಬೇರೆಯೇ. ನೀವು ನಿಮ್ಮ ನೋವಿಗೆ ಗುಳಿಗೆ, ಇಂಜೆಕ್ಷನ್ ತೆಗೆದುಕೊಂಡಿದ್ದನ್ನು ಬರೆದಿದ್ದೀರಿ. ನಾಟಿಯ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಅಂಗಡಿಯಿಂದ ಡೈಕ್ಲೋಫಿನ್ಯಾಕ್ ಎಂಬ ನೋವಿನ ಗುಳಿಗೆ ತರಿಸಿ ನುಂಗಿ ಕೆಸರಿಗಿಳಿಯುವುದನ್ನು ನಾನು ಪ್ರತಿ ಹಂಗಾಮಿನಲ್ಲೂ ನೋಡುತ್ತೇನೆ. ಅಕ್ಕನವರೂ ಹಾಗೆ ಮಾಡುತ್ತಿದ್ದರೆ ಇಂದೇ ನಿಲ್ಲಿಸಲು ಹೇಳಿ. ವಾರ್ಫರಿನ್ ಜೊತೆಗೆ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ನಂಥ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಬಹಳ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಗಾದರೆ ಅದು ರಕ್ತ ಎಂದು ತಿಳಿದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಸ್ನಾಯುವಿಗೆ ಕೊಡುವ ನೋವಿನ ಇಂಜೆಕ್ಷನ್ನನ್ನೂ ಅವರು ಮಾಡಿಸಿಕೊಳ್ಳಬಾರದು. ಸೊಂಟಕ್ಕೆ ಬಿಸಿ ಶಾಖ, ವ್ಯಾಯಾಮ, ಅಗತ್ಯವಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್, ಇಷ್ಟರಲ್ಲಿ ಅವರ ಚಿಕಿತ್ಸೆ ನಡೆಯಬೇಕು. ಐಎನ್‌ಆರ್ ನೋಡಿ ಎಷ್ಟು ದಿನವಾಯಿತು ಎಂಬುದನ್ನೂ ಕೇಳಿ.

ಈಗ ನಿಮ್ಮ ಭುಜಕ್ಕೆ ಬರೋಣ. ಐರ್ಲೆಂಡಿನಲ್ಲಿ 39 ಫಿಸಿಯೋಥೆರಪಿಸ್ಟರು ಮಾಡಿದ 7,629 ಸಲದ ಚಿಕಿತ್ಸೆಗಳನ್ನು ದಾಖಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಭೀರ ತೊಂದರೆ ಒಂದೂ ಇರಲಿಲ್ಲ. ಚರ್ಮ ಕಪ್ಪಗಾಗುವುದು, ಒಂದು ಹನಿ ರಕ್ತ, ನೋವು, ಇಂಥ ಸಣ್ಣ ತೊಂದರೆಗಳು ನೂರಕ್ಕೆ ಸುಮಾರು 19 ಸಲ ಆಗಿದ್ದವು. ಆದರೂ ನಿಮ್ಮ ಗಂಟು ಇರುವ ಜಾಗದ ಬಗ್ಗೆ ಎಚ್ಚರ ಬೇಕು. ಶ್ವಾಸಕೋಶದ ತುದಿ ಕಾಲರ್ ಎಲುಬಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲಕ್ಕೇ ಇರುತ್ತದೆ. ಭುಜದ ಮೇಲಿನ ಸ್ನಾಯುವನ್ನು ಬೆರಳುಗಳ ನಡುವೆ ಎತ್ತಿ ಹಿಡಿದು ಸೂಜಿಯನ್ನು ಆ ಬೆರಳುಗಳ ನಡುವೆಯೇ ಹಾಯಿಸಬೇಕು. ನೇರವಾಗಿ ಕೆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬಿದ್ದು ಎದೆಯೊಳಗೆ ಗಾಳಿ ತುಂಬಬಹುದು. ಅಪರೂಪದ ಘಟನೆಯೇ, ಆದರೆ ಆಗಿರುವುದು ದಾಖಲಾಗಿದೆ. ಚಿಕಿತ್ಸೆಯ ನಂತರ, ಕೆಲವು ಗಂಟೆ ಕಳೆದ ಮೇಲಾದರೂ ಸರಿ, ಉಸಿರೆಳೆದಾಗ ಎದೆ ಚುಚ್ಚಿದಂತಾದರೆ, ಒಣ ಕೆಮ್ಮು ಅಥವಾ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಎದೆಯ ಎಕ್ಸ್‌-ರೇ ತೆಗೆಯುವ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡಿದ್ದನ್ನು ಹೇಳಬೇಕು.

ಫಲದ ಬಗ್ಗೆಯೂ ಒಂದು ಮಾತು. ಟ್ರಿಗರ್ ಪಾಯಿಂಟ್ ಎಂಬ ಕಲ್ಪನೆಯನ್ನೇ ಪ್ರಶ್ನಿಸುವವರಿದ್ದಾರೆ. ಆಸ್ಟ್ರೇಲಿಯಾದ ಜಾನ್ ಕ್ವಿಂಟ್ನರ್ ಮತ್ತು ಸಂಗಡಿಗರು 2015ರಲ್ಲಿ ಇದರ ವಿರುದ್ಧ ವಿವರವಾಗಿ ಬರೆದರು. ಒಬ್ಬ ಪರೀಕ್ಷಕರ ಬೆರಳಿಗೆ ಸಿಕ್ಕ ಗಂಟು ಇನ್ನೊಬ್ಬರ ಬೆರಳಿಗೆ ಸಿಗದೆ ಹೋಗುವುದು ನಿಜವಾದ ಸಮಸ್ಯೆ. ಫಿಸಿಯೋಥೆರಪಿಸ್ಟರು ಮಾಡಿದ ಡ್ರೈ ನೀಡ್ಲಿಂಗ್ ಕುರಿತ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ 2017ರ ಒಂದು ವಿಶ್ಲೇಷಣೆ, ಚುಚ್ಚಿದಂತೆ ನಟಿಸುವ ಸುಳ್ಳು ಸೂಜಿಗಿಂತ ಅಥವಾ ಏನೂ ಮಾಡದಿರುವುದಕ್ಕಿಂತ ಇದು ಸುಮಾರು 12 ವಾರಗಳವರೆಗೆ ನೋವನ್ನು ಹೆಚ್ಚು ಇಳಿಸುತ್ತದೆ ಎಂದಿತು, ಆದರೆ ಆ ಪುರಾವೆಯ ಗುಣಮಟ್ಟವನ್ನು ಕೆಳಗಿನಿಂದ ಮಧ್ಯಮ ಎಂದೇ ಗುರುತಿಸಿತು. ದೀರ್ಘಕಾಲದ ಫಲಕ್ಕೆ ಅಷ್ಟು ಬಲವಾದ ಆಧಾರ ಸಿಗಲಿಲ್ಲ. ನನ್ನ ರೋಗಿಗಳಿಗೆ ನಾನು ಬೇಡ ಎನ್ನುವುದಿಲ್ಲ. ಇದರಿಂದ ಸಿಗುವ ಕೆಲವು ವಾರಗಳ ಆರಾಮವನ್ನು ಸ್ನಾಯುವನ್ನು ಬಲಪಡಿಸಲು ಬಳಸಿಕೊಳ್ಳಿ ಎನ್ನುತ್ತೇನೆ. ಡೆನ್ಮಾರ್ಕಿನಲ್ಲಿ ದುಡಿಯುವ ಮಹಿಳೆಯರ ಇದೇ ಟ್ರೆಪೀಜಿಯಸ್ ನೋವಿನ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಮೂರು ಸಲ 20 ನಿಮಿಷದಂತೆ 10 ವಾರ ಭುಜಕ್ಕೆ ಭಾರ ಎತ್ತುವ ವ್ಯಾಯಾಮ ಮಾಡಿದವರ ನೋವು ಗಣನೀಯವಾಗಿ ಇಳಿದಿತ್ತು. ಅದಕ್ಕೆ ಸೂಜಿಯೇ ಬೇಕಿರಲಿಲ್ಲ.

ತೋಳಿನಲ್ಲಿ ಜೋಮು, ಹಿಡಿತದಲ್ಲಿ ಬಲ ಕಡಿಮೆಯಾಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ನಡೆದಾಗ ಏರುವ ಎದೆ ಅಥವಾ ದವಡೆಯ ನೋವು, ಇವುಗಳಲ್ಲಿ ಯಾವುದಿದ್ದರೂ ಅದನ್ನು ಸ್ನಾಯುವಿನ ಗಂಟು ಎಂದು ಸುಮ್ಮನಿರಬೇಡಿ.

ಮರುಪ್ರಶ್ನೆ: ಬಳ್ಳಾರಿಯ ಟೇಲರ್

ಎಲ್ಲರಿಗೂ ಕೈಮುಗಿಯುತ್ತೇನೆ. ಡಾಕ್ಟರ್ ಸಾಹೇಬರ ಉತ್ತರ ಓದಿದ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. ಅವರು ಊಹಿಸಿದ್ದು ನಿಜವಾಗಿತ್ತು, ನಾಟಿ ಶುರುವಾದಾಗಿನಿಂದ ದಿನಕ್ಕೆ ಎರಡು ನೋವಿನ ಗುಳಿಗೆ ನುಂಗುತ್ತಿದ್ದಳು. ರಕ್ತಪರೀಕ್ಷೆ ಮಾಡಿಸಿ ಏಳು ತಿಂಗಳಾಗಿತ್ತು. ಅಳಿಯ ಮರುದಿನವೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ. ಐಎನ್‌ಆರ್ ಇರಬೇಕಾದ್ದಕ್ಕಿಂತ ಹೆಚ್ಚಾಗಿತ್ತಂತೆ, ವೈದ್ಯರು ಗುಳಿಗೆಯ ಪ್ರಮಾಣ ಬದಲಿಸಿ ನೋವಿನ ಗುಳಿಗೆಯನ್ನು ಪೂರ್ತಿ ನಿಲ್ಲಿಸಿದ್ದಾರೆ.

ನಾನು ನಿನ್ನೆ ಸಂಜೆ ಮೊದಲ ಸಲ ಡ್ರೈ ನೀಡ್ಲಿಂಗ್ ಮಾಡಿಸಿಕೊಂಡೆ. ಪೊಟ್ಟಣ ಎದುರಿಗೇ ಒಡೆದರು, ಬೋರಲು ಮಲಗಿಸಿ ಸ್ನಾಯುವನ್ನು ಬೆರಳುಗಳಲ್ಲಿ ಎತ್ತಿ ಹಿಡಿದೇ ಚುಚ್ಚಿದರು. ಟೀಚರಮ್ಮ ಹೇಳಿದ ಮಿಡತೆ ನನ್ನ ಭುಜದಲ್ಲೂ ಪುಟಿಯಿತು. ಕತ್ತು ಎಡಕ್ಕೆ ಚೆನ್ನಾಗಿ ತಿರುಗುತ್ತಿದೆ. ಆದರೆ ಇವತ್ತು ಭುಜ ಬಹಳ ಭಾರವಾಗಿ ನೋಯುತ್ತಿದೆ. ಉಸಿರಾಟ ಸರಿಯಾಗಿದೆ, ಜ್ವರ ಇಲ್ಲ. ಕೆಲಸಕ್ಕೆ ಹೋಗಬಹುದೇ? ಮಿಷನ್ ಮುಂದೆ ಕೂರುವ ರೀತಿಯಲ್ಲಿ ಏನು ಬದಲಿಸಬೇಕು?

ಉತ್ತರ: ರಾಯಚೂರಿನ ಫಿಸಿಯೋಥೆರಪಿಸ್ಟ್

ಅಕ್ಕನವರ ಸುದ್ದಿ ಓದಿ ನಿಜವಾಗಿಯೂ ಸಮಾಧಾನವಾಯಿತು.

ಇವತ್ತಿನ ನೋವು ಸೂಜಿ ತಾಗಿದ ಸ್ನಾಯುವಿನದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಬಿಸಿನೀರಿನ ಶಾಖ ಕೊಡಿ, ಕತ್ತನ್ನು ನಿಧಾನವಾಗಿ ಎರಡೂ ಕಡೆಗೆ ತಿರುಗಿಸುತ್ತಿರಿ, ಆ ಜಾಗವನ್ನು ತಿಕ್ಕಿಸಿಕೊಳ್ಳಬೇಡಿ. ಹೊಟ್ಟೆ ಉರಿ ಇರುವುದರಿಂದ ಹಳೆಯ ಗುಳಿಗೆಯ ಕಡೆ ಕೈ ಚಾಚಬೇಡಿ. ಕೆಲಸಕ್ಕೆ ಹೋಗಬಹುದು, ಭಾರದ ಬಂಡಲ್ ಮಾತ್ರ ಇವತ್ತು ಇನ್ನೊಬ್ಬರು ಎತ್ತಿಕೊಡಲಿ.

ಕೂರುವ ವಿಷಯದಲ್ಲಿ ನಾನು ಟೇಲರುಗಳಲ್ಲಿ ಕಾಣುವ ಮೊದಲ ತಪ್ಪು ಸ್ಟೂಲಿನ ಎತ್ತರ. ಸ್ಟೂಲು ತಗ್ಗಾಗಿದ್ದರೆ ಮೊಣಕೈ ಮೇಜಿನ ಮಟ್ಟಕ್ಕೆ ಬರಲು ಭುಜವನ್ನು ಇಡೀ ದಿನ ಮೇಲಕ್ಕೆತ್ತಿ ಹಿಡಿಯಬೇಕಾಗುತ್ತದೆ, ನಿಮ್ಮ ಗಂಟು ಹುಟ್ಟಿದ್ದು ಹಾಗೆಯೇ ಇರಬಹುದು. ಗಟ್ಟಿಯಾದ ದಿಂಬು ಹಾಕಿ ಎತ್ತರಿಸಿ, ಆಗ ಭುಜ ತಾನಾಗಿ ಇಳಿಯುತ್ತದೆ. ಪೆಡಲ್ ದೂರವಿದ್ದರೆ ಹತ್ತಿರ ಎಳೆದುಕೊಳ್ಳಿ, ಇಲ್ಲವಾದರೆ ಮೈ ಮುಂದಕ್ಕೆ ಜಾರಿ ಕತ್ತು ಮತ್ತೆ ಬಾಗುತ್ತದೆ. ಹೊಲಿಯಬೇಕಾದ ಬಂಡಲ್ ನೆಲದ ಮೇಲೆ ಬಲಗಡೆ ಬಿದ್ದಿರುತ್ತದೆಯೇ? ಜೀನ್ಸ್ ಬಟ್ಟೆ ಭಾರ, ಪ್ರತಿ ಪೀಸಿಗೂ ಬಗ್ಗಿ ತಿರುಗಿ ಎತ್ತುವುದೆಂದರೆ ದಿನಕ್ಕೆ ಎಷ್ಟು ಸಲವಾಯಿತು ನೀವೇ ಲೆಕ್ಕ ಹಾಕಿ. ಅದನ್ನು ಮೇಜಿನ ಎತ್ತರದ ಇನ್ನೊಂದು ಸ್ಟೂಲಿನ ಮೇಲೆ ಇಡಿಸಿಕೊಳ್ಳಿ. ಬಾಬಿನ್ ಬದಲಿಸುವಾಗಲೆಲ್ಲ ಒಮ್ಮೆ ಎದ್ದು ಎರಡೂ ಭುಜಗಳನ್ನು ಹಿಂದಕ್ಕೆ ತಿರುಗಿಸಿದರೆ ಪೀಸಿನ ಲೆಕ್ಕವೇನೂ ತಪ್ಪುವುದಿಲ್ಲ.

ನೋವು ಇಳಿದ ಮೇಲೆ, ಅಂದರೆ ಮೂರು ನಾಲ್ಕು ದಿನ ಬಿಟ್ಟು, ಒಂದೊಂದು ಕೈಯಲ್ಲಿ ಒಂದು ಲೀಟರಿನ ಒಂದೊಂದು ನೀರಿನ ಬಾಟಲಿ ಹಿಡಿದು ನಿಂತು, ತೋಳುಗಳನ್ನು ಪಕ್ಕಕ್ಕೆ ಭುಜದ ಮಟ್ಟದವರೆಗೆ ಎತ್ತಿ ಇಳಿಸಿ. ಹತ್ತು ಸಲ, ಸ್ವಲ್ಪ ಬಿಟ್ಟು ಮತ್ತೆ ಹತ್ತು. ವಾರಕ್ಕೆ ಮೂರು ದಿನ ಸಾಕು. ಸುಲಭವೆನಿಸಿದಾಗ ಭಾರ ಹೆಚ್ಚಿಸಬೇಕು, ಎಷ್ಟು ಎಂಬುದನ್ನು ನಿಮ್ಮ ಚಿಕಿತ್ಸಕರು ಹೇಳುತ್ತಾರೆ. ಅಕ್ಕನವರ ಸೊಂಟಕ್ಕೂ ಸೂಜಿಯಿಲ್ಲದ ವ್ಯಾಯಾಮಗಳಿವೆ. ನಾಟಿ ಮುಗಿದ ಮೇಲೆ ಹೃದಯದ ವೈದ್ಯರ ಚೀಟಿಯೊಂದಿಗೆ ಹತ್ತಿರದ ಫಿಸಿಯೋಥೆರಪಿ ವಿಭಾಗಕ್ಕೆ ಕರೆದೊಯ್ಯಿರಿ, ರಕ್ತ ತೆಳುವಾಗಿಸುವ ಗುಳಿಗೆಯ ವಿಷಯವನ್ನು ಒಳಗೆ ಹೋದ ಕೂಡಲೇ ಹೇಳಲು ಅವರಿಗೆ ನೆನಪಿಸಿ.

ಭುಜದ ಈ ನೋವು ಮೂರನೆಯ ದಿನವೂ ಇಳಿಯದಿದ್ದರೆ, ಅಥವಾ ಆ ಜಾಗ ಕೆಂಪಾಗಿ ಬಿಸಿಯಾದರೆ, ಮುಂದಿನ ವಾರದ ತನಕ ಕಾಯದೆ ಸೂಜಿ ಹಾಕಿದವರಿಗೇ ಮೊದಲು ತೋರಿಸಿ.